‘ಪ್ಯೂರ್’ ದೇವಣಿ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ದನದ ಮಾತು ಬಂದರೆ ‘ಪ್ಯೂರ್ ದೇವಣಿ ನೋಡ್ರಿ’ ಅನ್ನೋದು ಕೇಳ್ತಿರ್ತೀನಿ. ತಳಿತಜ್ಞರ ಪ್ರಕಾರ ಗುಜರಾತಿನ ಗಿರ್, ಮಹಾರಾಷ್ಟ್ರದ ಡಾಂಗಿ, ಊರ ಜವಾರಿ ದನ ಕೂಡಿಯೇ ದೇವಣಿ ಆಗಿದ್ದು. ಅದರಲ್ಲೂ ಮೂರು ಬಗೆ: ಅಚ್ಚ ಬಿಳಿ ಬಾಲಂಕ್ಯಾ, ಕರಿ ಮುಖದ ವಾನೇರಾ, ಮಚ್ಚೆಮಚ್ಚೆಯ ಶೇವರಾ. ತಳಿ ಬೆಳೆದ ಉದಗೀರ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಇದು ನಮಗೂ ಹೊರಗಿನ ದನವಲ್ಲ.

ಮೂಲವೇ ಬೆರಕೆ ಅಂದಮೇಲೆ ಈಗ ಜರ್ಸಿ ಬೆರೆಸಿದರೇನು ಅಂತ ಕೇಳಬಹುದು. ಹಳಬರು ಬೆರೆಸಿ ಸುಮ್ಮನಾಗಲಿಲ್ಲ. ಪೀಳಿಗೆ ಪೀಳಿಗೆ ಹೋರಿ ಆರಿಸಿ, ಹಾಲಿಗೂ ಹೊಲಕ್ಕೂ ಒದಗುವ, ನಮ್ಮ ಬಿಸಿಲು ತಡೆಯುವ ದನ ಮಾಡಿದರು. ನಾನು ‘ಪ್ಯೂರ್’ ಅನ್ನೋದು ಆ ದುಡಿಮೆಗೆ. ಅದನ್ನು ಬಿಟ್ಟರೆ ದೇವಣಿಯ ಹೆಸರಷ್ಟೇ ಉಳಿಯುತ್ತೆ.