ಗೋಡೆ ಕೆರೆದಾಗ ಸಿಕ್ಕ ಹಸಿರು

ಮೊನ್ನೆ ಹಾಸನದಲ್ಲಿ ಎರಡು ಗೃಹಪ್ರವೇಶಕ್ಕೆ ಹೋಗಿದ್ದೆ. ಎರಡು ಕಡೇನೂ ಹಾಲಿನ ಗೋಡೆಗೆ ಆಲಿವ್ ಗ್ರೀನ್! ನಮ್ಮ ಸಂತೇಲಿ ಆಲಿವ್ ಕಾಯಿ ಕಂಡೋರುಂಟಾ? ನಮ್ಮತ್ತೆ ಅದಕ್ಕೆ "ಒಣಗಿದ ಗೋರಂಟಿ ಬಣ್ಣ" ಅಂತಾರೆ. ಅದೇ ಸರಿ ಅನ್ಸುತ್ತೆ.

ಹೊಳೆನರಸೀಪುರದ ನಮ್ಮ ತವರುಮನೆಗೂ ಅದೇ ಬಣ್ಣ ಅಂತ ತೀರ್ಮಾನ ಆಯ್ತು. ಮೇಸ್ತ್ರಿ ಪಡಸಾಲೆ ಗೋಡೆ ಕೆರೆದ್ರೆ ಮೇಲೆ ಕೆನೆಬಣ್ಣದ ಡಿಸ್ಟೆಂಪರ್, ಅದರಡಿ ಸೊಂಟದೆತ್ತರಕ್ಕೆ ಗಿಳಿಹಸಿರು ಎಣ್ಣೆಬಣ್ಣ, ಅದರಡಿ ಪದರ ಪದರ ಸುಣ್ಣ. ಸುಣ್ಣದ ನಡುವೆ ಒಂದು ಪದರ ನೋಡ್ತೀನಿ, ತಿಳಿಯಾಗಿ ಅದೇ ಗೋರಂಟಿ ಹಸಿರು! ಅಮ್ಮಂಗೆ ನೆನಪಿತ್ತು. ಒಂದು ಯುಗಾದಿಗೆ ಅಜ್ಜಿ ಸುಣ್ಣಕ್ಕೆ ಹಳದಿ ಮಣ್ಣಿನ ಪುಡಿ ಕಲಸಿ, ಬಟ್ಟೆಗೆ ಹಾಕೋ ನೀಲಿ ಬೆರೆಸಿದ್ರಂತೆ. ಗಿಳಿಹಸಿರು ಬರ್ಲಿ ಅಂತ ಆಸೆ, ಬಂದದ್ದು ಈ ಮಂಕು ಹಸಿರು. ವರ್ಷವೆಲ್ಲಾ ಬೈಕೊಂಡು ಓಡಾಡಿದ್ರಂತೆ.

ಆಗ ಸುಣ್ಣ ಅಂದ್ರೆ ಮನೆಮಂದಿಯ ಕೆಲಸ. ಸುಣ್ಣದ ಕಲ್ಲು ನೀರಿಗೆ ಬಿದ್ರೆ ಕೊತಕೊತ ಕುದಿಯೋದು, ಮಕ್ಕಳನ್ನ ಹತ್ರಕ್ಕೆ ಬಿಡ್ತಿರಲಿಲ್ಲ. ಆರಿದ ಮೇಲೆ ಸೋಸಿ, ಕತ್ತಾಳೆ ನಾರಿನ ಕುಂಚದಲ್ಲಿ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಕಾರಣೆ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಮತ್ತೆ ಕಲ್ಲಾಗುತ್ತೆ, ಗೋಡೆಯ ತೇವಾನೂ ಆಚೆ ಬಿಡುತ್ತೆ.

ಆಮೇಲೆ ಡಬ್ಬಿ ಬಣ್ಣದ ಕಾಲ ಬಂತು. ಮೈಸೂರಲ್ಲಿ 1937ರಲ್ಲಿ ನಾಲ್ವಡಿಯವರ ಕಾಲದಲ್ಲೇ ಅರಗು-ಬಣ್ಣದ ಕಾರ್ಖಾನೆ ಶುರುವಾಗಿತ್ತು, ಓಟು ಹಾಕಿದಾಗ ಬೆರಳಿಗೆ ಹಚ್ಚೋ ಶಾಯಿ ಮಾಡೋದೂ ಅದೇ. 1942ರಲ್ಲಿ ಮುಂಬೈಲಿ ಏಷಿಯನ್ ಪೇಂಟ್ಸ್. ಎಣ್ಣೆಬಣ್ಣ ಒದ್ದೆ ಬಟ್ಟೇಲಿ ಒರೆಸಬಹುದಲ್ಲ, ಹೆಂಗಸರಿಗೆ ಅದೇ ದೊಡ್ಡ ಆಸೆ. ಅರಕಲಗೂಡಿನ ಚಿಕ್ಕಮ್ಮನೂ ಮಣ್ಣುಗೋಡೆಗೆ ಅದನ್ನೇ ಹೊಡೆಸಿದ್ರು. ತೇವ ಒಳಗೇ ಸಿಕ್ಕೊಂಡು, ಎರಡು ಮಳೆಗಾಲಕ್ಕೆ ಗೋಡೆ ಹಪ್ಪಳದಂಗೆ ಉಬ್ಬಿ ಉದುರ್ತು.

ಹಸಿರು ಬಣ್ಣದ ಚರಿತ್ರೇಲಿ ವಿಷವೂ ಇದೆ ಕಣ್ರೇ. 1775ರಲ್ಲಿ ಸ್ವೀಡನ್ನಿನ ಶೀಲೆ ಕಂಡುಹಿಡಿದ ಹಸಿರಲ್ಲಿ ಇದ್ದದ್ದು ಪಾಷಾಣ. ಇಂಗ್ಲೆಂಡಿನೋರು ಅಂಥ ಹಸಿರಿನ ಕಾಗದಾನ ಮಲಗೋ ಕೋಣೆ ಗೋಡೆಗೆ ಅಂಟಿಸ್ಕೊಂಡಿದ್ರು. ನಮ್ಮ ಹಳೇ ಎಣ್ಣೆಬಣ್ಣದ ಹಸಿರಿಗೆ ಎಷ್ಟೋ ಸಲ ಸೀಸದ ಹಳದಿ ಬೆರೆಸ್ತಿದ್ರು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಲ್ಲಿ.

ಇದು ನೆನಪಾಗೋ ಹೊತ್ತಿಗೆ ಮೇಸ್ತ್ರಿ ಒಣಗೋಡೆಗೇ ಉಪ್ಪುಕಾಗದ ಹಾಕಿ ಉಜ್ತಾ ಇದ್ದ. ಹಸಿರು ಧೂಳು. ಅದರಲ್ಲೇ ತಂಗಿಯ ಹತ್ತು ತಿಂಗಳ ಕೂಸು ಅಂಬೆಗಾಲಿಡ್ತಾ, ಕೈ ಬಾಯಿಗೆ ಇಡ್ತಾ ಇತ್ತು. ಅಲ್ಲೇ ಕೆಲಸ ನಿಲ್ಲಿಸಿದೆ. "ಅಷ್ಟೊಂದು ಗಾಬರಿ ಯಾಕಕ್ಕ" ಅಂದ್ಲು ತಂಗಿ. ಮಾತಾಡದೆ ಕೂಸಿನ ಕೈಕಾಲು ತೊಳೆದು, ಇಬ್ಬರನ್ನೂ ಸಂಜೆ ಬಸ್ಸಿಗೇ ಚನ್ನರಾಯಪಟ್ಟಣಕ್ಕೆ, ಅವಳ ಗಂಡನ ಮನೆಗೆ ಕಳಿಸಿದೆ. ಉಳಿದ ಗೋಡೆಗೆ ನೀರು ಚಿಮುಕಿಸಿ ಕೆರೆಸಿ, ನೆಲಾನ ಗುಡಿಸದೆ ಒದ್ದೆ ಬಟ್ಟೇಲಿ ಒರೆಸಿದ್ವಿ.

ಅಮ್ಮ ಶೇಡ್ ಕಾರ್ಡನ್ನ ಅಜ್ಜಿಯ ಪದರದ ಪಕ್ಕ ಹಿಡಿದು, ತೀರಾ ಹತ್ತಿರದ್ದನ್ನೇ ಆರಿಸಿದ್ಲು. ಮಣ್ಣುಗೋಡೆಯ ಅಡಿಗೆಮನೆಗೆ ಮಾತ್ರ ಸುಣ್ಣಾನೇ.