ತಾರ್ತುಫ್ ಮತ್ತು ತಡವಾಗಿ ಬಂದ ಗುರು

1664ರ ಮೇ 12ರಂದು ವರ್ಸೇಲ್ಸ್‌ನಲ್ಲಿ ದೊರೆ 14ನೇ ಲೂಯಿಯ ಸಮ್ಮುಖದಲ್ಲಿ ಮೊಲಿಯೇರನು ತನ್ನ 'ತಾರ್ತುಫ್' ಪ್ರಹಸನವನ್ನು ಮೊದಲ ಬಾರಿಗೆ ಪ್ರದರ್ಶಿಸಿದನು. ಇಂದು ನಮಗೆ ದೊರೆತಿರುವ ರೂಪದಲ್ಲಿ ಅದರ ಕಥೆ ಸರಳ. ಓರ್ಗೋನ್ ಎಂಬ ಗೃಹಸ್ಥನು ಭಕ್ತನ ವೇಷ ತೊಟ್ಟ ತಾರ್ತುಫ್‌ನನ್ನು ಮನೆಗೆ ಬರಮಾಡಿಕೊಂಡು, ತನ್ನ ಆಸ್ತಿಯನ್ನೆಲ್ಲ ಅವನ ಹೆಸರಿಗೆ ಬರೆದುಕೊಡುತ್ತಾನೆ. ಆ ಕಪಟಿಯಾದರೋ ಆತಿಥೇಯನ ಪತ್ನಿಯ ಮೇಲೆಯೇ ಕಣ್ಣಿಡುತ್ತಾನೆ.

ನಾಟಕಕ್ಕೆ ಉಗ್ರ ವಿರೋಧವೆದ್ದಿತು. ಪ್ಯಾರಿಸ್ಸಿನ ಧರ್ಮಕೇಂದ್ರವೊಂದರ ಗುರು ಪಿಯೆರ್ ರುಲ್ಲೆ, ಮೊಲಿಯೇರನು ನರರೂಪದ ಪಿಶಾಚಿ, ಅವನನ್ನು ಸುಡಬೇಕು ಎಂದು ಬರೆದನು. 1667ರಲ್ಲಿ ಪರಿಷ್ಕೃತ ರೂಪವು ರಂಗಕ್ಕೇರಿದಾಗ ಮಹಾಧರ್ಮಾಧ್ಯಕ್ಷ ಪೆರೆಫಿಕ್ಸ್‌ರವರು ಅದನ್ನು ನೋಡುವುದನ್ನೂ ಓದುವುದನ್ನೂ ಕೇಳುವುದನ್ನೂ ಬಹಿಷ್ಕಾರದ ಶಿಕ್ಷೆಯಡಿ ನಿಷೇಧಿಸಿದರು. ಕಪಟವನ್ನು ಖಂಡಿಸುವ ನೆಪದಲ್ಲಿ ನಿಜಭಕ್ತರೂ ಅಪಹಾಸ್ಯಕ್ಕೆ ಗುರಿಯಾಗುವರೆಂಬುದು ಅವರ ವಾದ. ಈ ಆತಂಕವು ನಿರಾಧಾರವಲ್ಲ. ಹೊರಗಿನಿಂದ ನೋಡುವವರಿಗೆ ಭಕ್ತಿಯೂ ಅದರ ಸೋಗೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ಇದೇ ಕಾರಣಕ್ಕಾಗಿ ಅವೆರಡನ್ನೂ ಬೇರ್ಪಡಿಸಿ ತೋರಿಸುವ ಹೊಣೆ ಧರ್ಮಸಭೆಯದಾಗಿತ್ತು. ನಾಟಕದಲ್ಲಿ ಆ ಕೆಲಸವನ್ನು ಓರ್ಗೋನನ ಭಾವಮೈದುನ ಕ್ಲೆಯಾಂತ್ ಮಾಡುತ್ತಾನೆ. 1669ರ ಫೆಬ್ರವರಿ 5ರಂದು ದೊರೆಯ ಅನುಮತಿಯಿಂದ ನಾಟಕವು ಮತ್ತೆ ಬೆಳಕು ಕಂಡಿತು.

1673ರ ಫೆಬ್ರವರಿ 17ರಂದು ಅಭಿನಯ ಮುಗಿಸಿ ಮನೆಗೆ ಮರಳಿದ ಮೊಲಿಯೇರನು ಮರಣಾವಸ್ಥೆಯಲ್ಲಿ ಗುರುವನ್ನು ಕರೆತರಲು ಬೇಡಿದನು. ವೃತ್ತಿಯನ್ನು ತ್ಯಜಿಸದ ನಟರಿಗೆ ಅಂದು ಅಲ್ಲಿ ಸಂಸ್ಕಾರಗಳು ನಿಷಿದ್ಧವಾಗಿದ್ದವು. ಅವನ ಪತ್ನಿಯ ಮನವಿಪತ್ರದ ಪ್ರಕಾರ, ಇಬ್ಬರು ಗುರುಗಳು ಬರಲು ನಿರಾಕರಿಸಿದರು. ಮೂರನೆಯವರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಹಿಂದಿನ ಪಾಸ್ಖ ಕಾಲದಲ್ಲಿ ಅವನು ಸಂಸ್ಕಾರಗಳನ್ನು ಸ್ವೀಕರಿಸಿದ್ದನೆಂದೂ ಆಕೆ ನಿವೇದಿಸಿಕೊಂಡಳು. ದೊರೆಯ ಮಧ್ಯಸ್ಥಿಕೆಯ ಬಳಿಕ, ಆಡಂಬರದ ವಿಧಿಗಳಿಲ್ಲದೆ, ರಾತ್ರಿಯ ವೇಳೆ ಅವನ ಭೂಸ್ಥಾಪನೆ ನಡೆಯಿತು.

ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಪ್ರಭು ಯೇಸು ಧರ್ಮಶಾಸ್ತ್ರಿಗಳನ್ನೂ ಫರಿಸಾಯರನ್ನೂ 'ಕಪಟಿಗಳೇ' ಎಂದು ಕರೆಯುವಲ್ಲಿ ಬಳಕೆಯಾಗಿರುವ ಗ್ರೀಕ್ ಪದ 'ಹುಪೊಕ್ರಿತೇಸ್'. ರಂಗಭೂಮಿಯಲ್ಲಿ ಅದರ ಅರ್ಥ ನಟ ಎಂದು. ಪ್ರಭುವಿನ ಕಟುನುಡಿ ಎರಗಿದ್ದು ದೇವಾಲಯದಲ್ಲಿ ವೇಷ ಕಟ್ಟಿದವರ ಮೇಲೆ, ರಂಗದ ಮೇಲೆ ವೇಷ ಕಟ್ಟಿದವರ ಮೇಲಲ್ಲ. ನಾಟಕದ ಕುರಿತು ಪ್ಯಾರಿಸ್ಸಿನ ಗುರುವರ್ಗಕ್ಕಿದ್ದ ಭಿನ್ನಾಭಿಪ್ರಾಯವನ್ನು ಇಂದಿಗೂ ಚರ್ಚಿಸಬಹುದು. ಸಾಯುತ್ತಿರುವವನ ಹಾಸಿಗೆಯ ಬಳಿಗೆ ಹೋಗದಿದ್ದುದಕ್ಕೆ ಸಮರ್ಥನೆ ಸಿಗದು. ಗುರುದೀಕ್ಷೆಗೆ ಸಿದ್ಧರಾಗುತ್ತಿರುವವರು ಆ ಇರುಳನ್ನು ನೆನಪಿನಲ್ಲಿಡಬೇಕು: ಕರೆ ಬಂದಾಗ ಮೊದಲು ಹೊರಡಬೇಕು, ವಿಚಾರಣೆ ಆಮೇಲೆ.