ಸಾರುವ ಬಾಯಿ, ಕೇಳುವ ಕಿವಿ

ಒಂದು ಮಾತನ್ನು ಊರಿಗೆಲ್ಲ ತಿಳಿಸುವುದಕ್ಕೆ ಮನುಷ್ಯನು ಕಟ್ಟಿಕೊಂಡ ಶಬ್ದಗಳು ಒಂದೆರಡಲ್ಲ. ನಮ್ಮಲ್ಲಿ ಸಾರುವುದು, ಡಂಗುರ ಹೊಡೆಸುವುದು, ಘೋಷಿಸುವುದು, ಪ್ರಕಟಿಸುವುದು, ಜಾಹೀರು ಮಾಡುವುದು ಎಂದೆಲ್ಲ ಇವೆ. ಇಂಗ್ಲಿಷಿನಲ್ಲಿಯೂ ಹಾಗೆಯೇ, ಅಲ್ಲಿನ ಶಬ್ದಗಳ ಬೇರು ಬಹುಮಟ್ಟಿಗೆ ಲ್ಯಾಟಿನ್ ಭಾಷೆಯಲ್ಲಿದೆ. ಪ್ರೊಕ್ಲೇಮ್ ಎಂದರೆ ಮೂಲದಲ್ಲಿ ಮುಂದೆ ನಿಂತು ಕೂಗುವುದು. ಡಿಕ್ಲೇರ್ ಎಂದರೆ ಮಬ್ಬಾದುದನ್ನು ನಿಚ್ಚಳ ಮಾಡುವುದು. ಅನೌನ್ಸ್ ಎಂಬುದರೊಳಗೆ ಸುದ್ದಿ ಹೊತ್ತು ಬಂದ ದೂತನೊಬ್ಬನು ಅಡಗಿದ್ದಾನೆ. ಇವೆಲ್ಲ ಹೇಳುವವನ ಕಡೆಯಿಂದ ಹುಟ್ಟಿದ ಮಾತುಗಳು; ಕೇಳುವವನ ಸುಳಿವು ಇವುಗಳಲ್ಲಿ ಕಾಣುವುದಿಲ್ಲ.

ಇವುಗಳಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಪಬ್ಲಿಷ್ ಎಂಬ ಶಬ್ದ. ಪುಸ್ತಕ ಪ್ರಕಟಿಸುವ ಈ ಸೌಮ್ಯವಾದ ಮಾತಿನ ಮೂಲ ಲ್ಯಾಟಿನ್ನಿನ ಪುಬ್ಲಿಕಾರೆ. ಸಾರ್ವಜನಿಕವಾಗಿ ಮಾಡುವುದು ಎಂಬ ಅರ್ಥದ ಜೊತೆಗೆ ಅದಕ್ಕೆ ಇನ್ನೊಂದು ಅರ್ಥವೂ ಇತ್ತು: ಒಬ್ಬನ ಆಸ್ತಿಯನ್ನು ರಾಜ್ಯಕ್ಕೆ ಜಪ್ತಿ ಮಾಡುವುದು! ಹಾಗೆ ಜಪ್ತಿಯಾದ ಸೊತ್ತನ್ನು ರೋಮಿನಲ್ಲಿ ಹರಾಜು ಹಾಕುವಾಗ ನೆಲಕ್ಕೆ ಒಂದು ಈಟಿಯನ್ನು ನೆಡುತ್ತಿದ್ದರು. ಕೂಗುವವನು ಬೆಲೆಯನ್ನು ಕೂಗುತ್ತಿದ್ದನು. ಸಾರುವ ಬಾಯಿಯ ಹಿಂದೆ ಈಟಿ ನಿಂತಿರುತ್ತದೆಂಬುದನ್ನು ಆ ಜನ ಮುಚ್ಚಿಡಲಿಲ್ಲ.

ಇದಕ್ಕೆ ಎದುರಾಗಿ ನಮ್ಮ ನಾಡಿನ ಹಳೆಯ ಸಾಕ್ಷಿಯೊಂದನ್ನು ನೋಡಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಅಪ್ಪಣೆ. ಅದು ತನ್ನನ್ನು ತಾನು ಕರೆದುಕೊಳ್ಳುವುದು 'ಸಾವನ' ಎಂದು. ಸಂಸ್ಕೃತದಲ್ಲಿ ಹೇಳುವುದಾದರೆ ಶ್ರಾವಣ, ಅಂದರೆ ಕೇಳಿಸುವುದು. ನಮ್ಮ 'ಸಾರು' ಎಂಬ ಧಾತುವಿಗೂ ಇದಕ್ಕೂ ನಂಟಿಲ್ಲ, ಧ್ವನಿಯ ಹೋಲಿಕೆ ಮಾತ್ರ. ಆದರೆ ಇಲ್ಲಿ ಭಾವ ಮುಖ್ಯ. ಚಕ್ರವರ್ತಿ ಕೂಗಿದ್ದಾನೆ ಎಂಬುದಕ್ಕಿಂತ ಜನರ ಕಿವಿಗೆ ಅದು ಬಿದ್ದಿದೆ ಎಂಬುದೇ ಆ ಶಬ್ದದಲ್ಲಿ ಎದ್ದು ನಿಲ್ಲುತ್ತದೆ.

ಈಟಿಗೂ ಕಿವಿಗೂ ನಡೆದ ಜಗಳವನ್ನು ಇನ್ನೂ ಹತ್ತಿರದಲ್ಲಿ ನೋಡಬೇಕಾದರೆ ಉತ್ತರ ಕನ್ನಡದ ಕಡಲ ದಂಡೆಗೆ, ಕಾರವಾರ ಅಂಕೋಲೆಗಳ ನಡುವೆ ಬೇಲೆಕೇರಿ ಇರುವ ಸೀಮೆಗೆ, ಬರಬೇಕು. 1862ರಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಹರಾಜಿಗೆ 'ಲಿಲಾವು' ಎನ್ನುವುದು ವಾಡಿಕೆ. ಮರಾಠಿಯ ಲಿಲಾವ, ಹಿಂದಿಯ ನೀಲಾಮ್, ಮಲೆಯಾಳದ ಲೇಲಂ, ದಕ್ಷಿಣ ಕನ್ನಡದ ಏಲಂ, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಬಳ್ಳಿಯನ್ನು ತಂದವರು ಪೋರ್ಚುಗೀಸರು. ಅವರ 'ಲೆಯ್ಲಾಂವ್' ಎಂಬ ಶಬ್ದ ಅರಬ್ಬಿಯ 'ಅಲ್‌ ಇಅಲಾಮ್' ಎಂಬುದರಿಂದ ಬಂದಿತೆಂದು ಪಂಡಿತರ ಊಹೆ. ಅದರ ಅರ್ಥ ತಿಳಿಯಪಡಿಸುವುದು, ಪ್ರಕಟಣೆ! ನಾವು ಮಾರಾಟವೆಂದುಕೊಂಡದ್ದರ ಹೊಟ್ಟೆಯಲ್ಲಿ ಡಂಗುರವೇ ಇದೆ.

ಈ ಶಬ್ದ ಅಂಕೋಲೆಯಲ್ಲಿ ಎರಡು ಬಾಯಿಗಳಿಂದ ಹೊರಟಿತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಕಡಲ ನೀರಿನಿಂದ ಉಪ್ಪು ತೆಗೆದು ಕಾನೂನು ಮುರಿದರು. ಆ ಉಪ್ಪನ್ನು ಅಡಗಿಸಿಡಲಿಲ್ಲ, ಬಹಿರಂಗವಾಗಿ ಲಿಲಾವು ಹಾಕಿದರು. ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಚಿಟಿಕೆ ಉಪ್ಪಿಗೆ 30 ರೂಪಾಯಿ! ಅಲ್ಲಿ ಕೂಗಿದ್ದು ಬೆಲೆಯನ್ನಲ್ಲ. ಸರಕಾರದ ಅಪ್ಪಣೆಗೆ ನಾವು ಕಿವಿಗೊಡುವುದಿಲ್ಲ ಎಂದು ನಾಲ್ಕು ಜನರೆದುರು ಸಾರಿದ್ದು.

ಎರಡು ವರ್ಷ ಕಳೆಯುವುದರೊಳಗೆ ಅದೇ ಲಿಲಾವು ತಿರುಗಿ ರೈತರ ಬಾಗಿಲಿಗೆ ಬಂದಿತು. ಅಂಕೋಲೆ, ಸಿದ್ದಾಪುರಗಳ ಒಕ್ಕಲುಗಳು ಕರನಿರಾಕರಣೆಗೆ ನಿಂತಾಗ ಸರಕಾರ ಮನೆಯ ಪಾತ್ರೆ ಪದಾರ್ಥ, ದನಕರು, ಕೊನೆಗೆ ಜಮೀನುಗಳನ್ನೂ ಜಪ್ತಿ ಮಾಡಿ ಲಿಲಾವಿಗೆ ತಂದಿತು. ಪುಬ್ಲಿಕಾರೆ ಎಂಬ ಶಬ್ದದ ಎರಡು ಅರ್ಥಗಳೂ ಒಂದೇ ಅಂಗಳದಲ್ಲಿ ನಿಂತದ್ದು ಹೀಗೆ. ಆದರೆ ಕೂಗುವವನಿಗೆ ಓಗೊಡುವವನೂ ಬೇಕಷ್ಟೆ. ಆಸೆಗೆ ಬಿದ್ದು ಕೊಂಡವರು ಇರಲಿಲ್ಲವೆಂದಲ್ಲ. ಅಂಥವರ ಮನೆಯೆದುರು ಸಿದ್ದಾಪುರ ಸೀಮೆಯ ಹೆಂಗಸರು 1932ರಲ್ಲಿ ಅನ್ನ ನೀರು ಬಿಟ್ಟು ಕುಳಿತರು. ಸರಕಾರದ ಕೂಗಿಗೆ ಅವರು ಕೊಟ್ಟ ಉತ್ತರದಲ್ಲಿ ಸದ್ದೇ ಇರಲಿಲ್ಲ; ಆದರೂ ಅದು ಇಡೀ ಜಿಲ್ಲೆಗೆ ಕೇಳಿಸಿತು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ, ಹೋದ ಜಮೀನುಗಳನ್ನು ಹಿಂದಿರುಗಿಸುವ ಏರ್ಪಾಡಾಯಿತು.

ಇದೇ ಸೀಮೆಯ ಬೇಲೆಕೇರಿ ಬಂದರಿನ ಹೆಸರು 2010ರಲ್ಲಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಸರಕಾರವೇ ಜಪ್ತಿ ಮಾಡಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಕೂಗೂ ಇಲ್ಲದೆ, ಲಿಲಾವೂ ಇಲ್ಲದೆ ಹಡಗು ಹತ್ತಿ ಹೊರಟುಹೋಗಿತ್ತು. ಬಡವನ ತುಂಡು ಗದ್ದೆಯನ್ನು ಕಸಿಯುವಾಗ ಊರಿಗೆಲ್ಲ ಕೂಗಿ ಹೇಳಿದರು. ಬೆಟ್ಟದಷ್ಟು ಅದಿರು ಸಾಗುವಾಗ ಮಾತ್ರ ಕಡಲತೀರ ಮೌನವಾಗಿತ್ತು.

ಆದುದರಿಂದ ನನಗನಿಸುವುದಿಷ್ಟು. ಸಾರುವುದೆಲ್ಲ ಪ್ರಕಟವಾಗುವುದಿಲ್ಲ, ಸಾರದೆ ಬಿಟ್ಟದ್ದೆಲ್ಲ ಮುಚ್ಚಿಹೋಗುವುದೂ ಇಲ್ಲ. ಅಧಿಕಾರ ಎಷ್ಟು ಗಟ್ಟಿಯಾಗಿ ಕೂಗಿದರೂ ಅದನ್ನು ಒಪ್ಪುವುದೋ ಬಿಡುವುದೋ ಎಂಬುದು ಕೇಳುವವರ ಕೈಯಲ್ಲಿದೆ. ಇದನ್ನು ಅಂಕೋಲೆಯ ಒಕ್ಕಲಿಗರಿಗೆ ಯಾವ ನಿಘಂಟೂ ಕಲಿಸಿರಲಿಲ್ಲ.